ಹದಿನೆಂಟು ಗುಂಟೆಯ ರೈತನಿಗೊಂದು ಕಚೇರಿ

ಕೇರಳದಲ್ಲಿ ತೆಂಗಿಗೆ ವಿಮೆ ಮಾಡಿಸಲು ಹೋದರೆ ಎಕರೆ ಎಷ್ಟು ಎಂದು ಕೇಳುವುದಿಲ್ಲ, ಮರ ಎಷ್ಟು ಎಂದು ಕೇಳುತ್ತಾರೆ. ಹತ್ತು ಮರ ಇದ್ದರೆ ಸಾಕು. ಮರಕ್ಕೆ ವರ್ಷಕ್ಕೆ 2 ರೂಪಾಯಿ ಕಂತು. ಗಾಳಿಗೋ ಸಿಡಿಲಿಗೋ ಮರ ಹೋದರೆ 2,000 ರೂಪಾಯಿ ಪರಿಹಾರ. ನೇಂದ್ರ ಬಾಳೆಯಾದರೆ ಬುಡಕ್ಕೆ 3 ರೂಪಾಯಿ. ಗೊನೆ ಬಿಟ್ಟ ಮೇಲೆ ಮುರಿದು ಬಿದ್ದರೆ 300. 1995ರಲ್ಲಿ ಶುರುವಾದ ರಾಜ್ಯದ ಬೆಳೆ ವಿಮೆಯ ದರಗಳನ್ನು 2017ರಲ್ಲಿ ಪರಿಷ್ಕರಿಸಿದಾಗ ಬಂದ ಲೆಕ್ಕ ಇದು. ನಮ್ಮ ಕಡೆ ಫಸಲ್ ಬಿಮಾ ಹಣ ಬರಬೇಕಾದರೆ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿಯ ಸರಾಸರಿ ಇಳುವರಿಯೇ ಕುಸಿಯಬೇಕು. ಅಲ್ಲಿ ಹಿತ್ತಿಲ ಮೂಲೆಯ ಒಂಟಿ ಮರ ಬಿದ್ದರೂ ಕೃಷಿ ಇಲಾಖೆಯ ಸಹಾಯಕರು ಬಂದು ನೋಡಿ ಬರೆದುಕೊಂಡು ಹೋಗಬೇಕು.

ಬೇರೆ ಥರ ಎಣಿಸಲು ಅಲ್ಲಿ ಜಾಗವೂ ಇಲ್ಲ. ಕೇರಳದ ವಿಸ್ತೀರ್ಣ 38,863 ಚದರ ಕಿಲೋಮೀಟರ್, ಕರ್ನಾಟಕದ ಐದನೇ ಒಂದು ಪಾಲು. ಜನ ಮಾತ್ರ ನಮ್ಮ ಅರ್ಧಕ್ಕಿಂತ ಹೆಚ್ಚು: 2011ರ ಜನಗಣತಿಯಲ್ಲಿ 3.34 ಕೋಟಿ. ಚದರ ಕಿಲೋಮೀಟರಿಗೆ ಅಲ್ಲಿ 860 ಮಂದಿ, ಇಲ್ಲಿ 319. 2015–16ರ ಕೃಷಿ ಗಣತಿಯ ಪ್ರಕಾರ ಕೇರಳದ ಸರಾಸರಿ ಹಿಡುವಳಿ 0.18 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಹದಿನೆಂಟು ಗುಂಟೆ, ಅವರ ಲೆಕ್ಕದಲ್ಲಿ ನಲವತ್ತನಾಲ್ಕು ಸೆಂಟ್ಸ್. ಅದರಲ್ಲೇ ಮನೆ, ಬಾವಿ, ಕೊಟ್ಟಿಗೆ, ಗೇಟಿನಿಂದ ಜಗಲಿವರೆಗೆ ಕಾರು ಬರುವ ದಾರಿ. ಉಳಿದದ್ದರಲ್ಲಿ ಹತ್ತು ಹನ್ನೆರಡು ತೆಂಗು, ನಾಲ್ಕಾರು ಅಡಿಕೆ, ಹಲಸಿನ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಒಂದಷ್ಟು ಮರಗೆಣಸು, ಸುವರ್ಣಗೆಡ್ಡೆ. ಮನೆಯ ಯಜಮಾನರು ಶಾಲೆಯ ಮೇಷ್ಟ್ರಿರಬಹುದು, ಆಟೋ ಓಡಿಸುವವರಿರಬಹುದು, ಕೊಲ್ಲಿಯಲ್ಲಿ ಅರ್ಧ ಆಯುಷ್ಯ ದುಡಿದು ವಾಪಸು ಬಂದವರಿರಬಹುದು. ಇವರನ್ನೆಲ್ಲ ರೈತರು ಎನ್ನಬೇಕೇ? ಕೇರಳ ಸರ್ಕಾರ ಈ ವಿಷಯದಲ್ಲಿ ಕೈ ಬಿಗಿ ಹಿಡಿದಿಲ್ಲ. 2019ರ ಕೃಷಿಕರ ಕ್ಷೇಮನಿಧಿ ಕಾಯ್ದೆಯ ಪ್ರಕಾರ ಸದಸ್ಯರಾಗಲು ಐದು ಸೆಂಟ್ಸ್ ಜಮೀನಿದ್ದರೂ ಆದೀತು. ಮೇಲಿನ ಮಿತಿ ಹದಿನೈದು ಎಕರೆ. ಐದು ಸೆಂಟ್ಸ್ ಅಂದರೆ ಎರಡು ಗುಂಟೆ. ಮಂಡ್ಯದ ಕಡೆ ಅಷ್ಟರಲ್ಲಿ ಒಂದು ಕಣ ಮಾಡಿ ಹುಲ್ಲಿನ ಮೆದೆ ಒಟ್ಟಿದರೆ ಜಾಗ ಮುಗಿಯಿತು.

ಇಂಥ ರೈತ ಅರ್ಧ ದಿನ ಕೂಲಿ ಬಿಟ್ಟು, ಬಸ್ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯಲಾರ. ಅಲೆದರೆ ಸಿಗುವ ಸಬ್ಸಿಡಿಗಿಂತ ಖರ್ಚೇ ಹೆಚ್ಚಾದೀತು. ಕೃಷಿ ಭವನ ಹುಟ್ಟಿದ್ದಕ್ಕೆ ಈ ಲೆಕ್ಕಾಚಾರವೇ ಮೂಲ ಎನ್ನಬಹುದು. 1987ರ ಸೆಪ್ಟೆಂಬರ್ 1ರಂದು, ಇ.ಕೆ. ನಾಯನಾರ್ ಮುಖ್ಯಮಂತ್ರಿಯಾಗಿ, ವಿ.ವಿ. ರಾಘವನ್ ಕೃಷಿ ಮಂತ್ರಿಯಾಗಿದ್ದಾಗ, ಪಂಚಾಯಿತಿಗೊಂದು ಕೃಷಿ ಭವನ ಎಂಬ ವ್ಯವಸ್ಥೆ ಜಾರಿಗೆ ಬಂತು. ಈಗ ನಗರಸಭೆ, ಕಾರ್ಪೊರೇಶನ್ ಎಲ್ಲ ಸೇರಿ ಅವು 1,076. ಕರ್ನಾಟಕಕ್ಕೆ ರೈತ ಸಂಪರ್ಕ ಕೇಂದ್ರ ಬಂದದ್ದು 2000ದಲ್ಲಿ, ಅದೂ ಹೋಬಳಿಗೊಂದರಂತೆ. ಅಷ್ಟೇ ಆಗಿದ್ದರೆ ಅಂತರದ ಮಾತು ಎಂದು ಬಿಡಬಹುದಿತ್ತು. ಆದರೆ ನಮ್ಮಲ್ಲಿ ರಾಗಿ, ಭತ್ತಕ್ಕೆ ಒಂದು ಇಲಾಖೆ. ಅಡಿಕೆ, ತೆಂಗು, ತರಕಾರಿಗೆ ತೋಟಗಾರಿಕೆ ಇಲಾಖೆ, ಅದರ ಕಚೇರಿ ಇನ್ನೆಲ್ಲೋ. ಅರ್ಧ ಎಕರೆ ಗದ್ದೆ, ಅರ್ಧ ಎಕರೆ ತೋಟ ಇರುವ ಮಲೆನಾಡಿನ ರೈತ ಎರಡೂ ಕಡೆ ಪಹಣಿಯ ನಕಲು ಕೊಡಬೇಕು. ಕೇರಳದಲ್ಲಿ ಎಲ್ಲ ಬೆಳೆಗೂ ಒಂದೇ ಮೇಜು. ಮೇಜಿನ ಆಚೆ ಕೃಷಿ ಪದವಿ ಓದಿದ ಕೃಷಿ ಅಧಿಕಾರಿ, ಜತೆಗೆ ಕೆಲವು ಕೃಷಿ ಸಹಾಯಕರು.

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದ ಹೊತ್ತಿನಲ್ಲಿ ಈ ಕೃಷಿ ಭವನಗಳನ್ನು ನೋಡಬೇಕು. ಮಲಯಾಳಿಗಳಿಗೆ ಅದು ತಿರುವಾದಿರ ಞಾಟ್ಟುವೇಲ. ಕಡ್ಡಿ ಊರಿದರೂ ಚಿಗುರುತ್ತದೆ ಎಂಬ ನಂಬಿಕೆಯ ಹದಿನಾಲ್ಕು ದಿನ, ಮೆಣಸಿನ ಬಳ್ಳಿ ನೆಡುವ ಕಾಲ. ಕೃಷಿ ಭವನಗಳು ಆಗ ಞಾಟ್ಟುವೇಲ ಸಂತೆ ನಡೆಸುತ್ತವೆ. ಪಂಚಾಯಿತಿ ಕಟ್ಟಡದ ಪಕ್ಕದಲ್ಲೋ ಹಿಂದೆಯೋ ಇರುವ ಎರಡು ಮೂರು ಕೋಣೆಯ ಕಚೇರಿ. ಜಗಲಿ ತುಂಬ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬೇರು ಬಿಟ್ಟ ಮೆಣಸಿನ ಬಳ್ಳಿ, ಸಾಲಾಗಿ ನಿಲ್ಲಿಸಿದ ತೆಂಗಿನ ಸಸಿ, ಟ್ರೇಗಳಲ್ಲಿ ಬದನೆ, ಮೆಣಸಿನಕಾಯಿ ಸಸಿ. ಒಳಗೆ ಒಂದು ರಿಜಿಸ್ಟರ್, ಅದರ ಮುಂದೆ ಛತ್ರಿಯಿಂದ ನೀರು ಸುರಿಸುತ್ತ ನಿಂತ ಜನ. ಎಲ್ಲರ ಕೈಯಲ್ಲೂ ಕಂದಾಯ ಕಟ್ಟಿದ ರಸೀದಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್. ಒಬ್ಬರು ಕವರಿನಲ್ಲಿ ಕಪ್ಪು ಚುಕ್ಕೆ ಬಿದ್ದ ಮೆಣಸಿನ ಎಲೆ ತಂದಿರುತ್ತಾರೆ. ಅಧಿಕಾರಿ ತಿರುಗಿಸಿ ನೋಡಿ, ಸೊರಗು ರೋಗ, ಶೇ 1ರ ಬೋರ್ಡೋ ದ್ರಾವಣ ಹೊಡೆಯಿರಿ, ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದು ಚೀಟಿ ಬರೆದುಕೊಡುತ್ತಾರೆ. ಇನ್ನೊಬ್ಬರಿಗೆ ಸುಣ್ಣ ಬೇಕು. ಕೇರಳದ ಮಣ್ಣು ಬಹುಪಾಲು ಹುಳಿ. ಸಬ್ಸಿಡಿ ಸುಣ್ಣ ಇಲ್ಲಿ ಯೂರಿಯಾದಷ್ಟೇ ಬೇಡಿಕೆಯ ವಸ್ತು. ಕೃಷಿ ವಿಶ್ವವಿದ್ಯಾಲಯದ ದೊಡ್ಡ ಭಾಷಣಗಳಿಗಿಂತ ಈ ಚೀಟಿ ಮತ್ತು ಈ ಸುಣ್ಣದ ಚೀಲ ಹೆಚ್ಚು ಕೆಲಸ ಮಾಡಿವೆ ಎಂದೇ ನನಗೆ ಅನಿಸುವುದು.

ಕಚೇರಿ ಇಷ್ಟು ಹತ್ತಿರ ಬಂದದ್ದರಿಂದ ಒಂದು ತೊಂದರೆಯೂ ಆಯಿತು. 1996ರಲ್ಲಿ ಜನಕೀಯ ಯೋಜನೆ, ಅಂದರೆ ಜನರೇ ಯೋಜನೆ ರೂಪಿಸುವ ಪದ್ಧತಿ ಬಂದು, ರಾಜ್ಯದ ಯೋಜನಾ ಹಣದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸ್ಥಳೀಯ ಸಂಸ್ಥೆಗಳ ಕೈಗೆ ಹೋಯಿತು. ಕೃಷಿ ಅಧಿಕಾರಿ ಇಲಾಖೆಯ ನೌಕರಿಯ ಜತೆಗೆ ಪಂಚಾಯಿತಿಯ ಯೋಜನೆಗಳನ್ನೂ ಜಾರಿ ಮಾಡಬೇಕಾಯಿತು. ಫಲಾನುಭವಿಗಳ ಪಟ್ಟಿ ಗ್ರಾಮಸಭೆಯಲ್ಲಿ ತಯಾರಾಗುತ್ತದೆ. ಕೇಳಲು ಎಷ್ಟು ಚೆನ್ನ! ಆದರೆ ವಾರ್ಡ್ ಸದಸ್ಯರಿಗೆ ಎಲ್ಲ ಮನೆಯೂ ಬೇಕು. ಹಾಗಾಗಿ ಹಣ ಚೂರುಚೂರಾಗಿ ಹಂಚಿಹೋಗುತ್ತದೆ: ಈ ಮನೆಗೆ ಎರಡು ತೆಂಗಿನ ಸಸಿ, ಆ ಮನೆಗೆ ಐದು ಬಾಳೆ ಕಂದು, ತಾರಸಿ ಮನೆಯವರಿಗೆ ಗ್ರೋಬ್ಯಾಗ್. ಓಣಂ ಊಟಕ್ಕೆ ಮನೆಯದೇ ತರಕಾರಿ ಇರಲಿ ಎಂದು ‘ಓಣಕ್ಕೊಂದು ಮೊರ ತರಕಾರಿ’ ಎಂಬ ಹೆಸರಿನಲ್ಲಿ ಬೀಜದ ಪೊಟ್ಟಣಗಳನ್ನು ಮನೆಮನೆಗೆ ಕೊಟ್ಟರು. ಅದರಿಂದ ಊಟದ ಎಲೆಗೆ ಪಡವಲ, ಅಲಸಂದೆ ಬಂದಿರಬಹುದು. ನಿಜವಾಗಿ ಎರಡೆಕರೆ ಹಾಗಲ ಬೆಳೆದು ಅದರಲ್ಲೇ ಸಂಸಾರ ನಡೆಸುವವನಿಗೆ ಬೇಕಾದದ್ದು ಚಪ್ಪರದ ತಂತಿ, ಕೂಲಿಯಾಳು, ಮಾರುಕಟ್ಟೆ. ತಾರಸಿ ಕೃಷಿಕರನ್ನೂ ಅವನನ್ನೂ ಒಂದೇ ರಿಜಿಸ್ಟರಿನಲ್ಲಿ ಬರೆದರೆ ನಷ್ಟ ಅವನಿಗೇ.

ಉತ್ತರದ ತುದಿಯಲ್ಲಿ ಈ ವ್ಯವಸ್ಥೆಗೆ ಕನ್ನಡ, ತುಳು ಮಾತಾಡುವ ರೈತರೂ ಸೇರುತ್ತಾರೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆಗಳಲ್ಲಿ ಅಡಿಕೆ ತೋಟದ ಹಿರಿಯರು ಮಲಯಾಳದ ಅರ್ಜಿ ನಮೂನೆ ಹಿಡಿದು ಮೊಮ್ಮಕ್ಕಳನ್ನು ಕರೆಯುವುದು ಹೊಸತೇನಲ್ಲ. ಕನ್ನಡ ಬಲ್ಲ ಸಿಬ್ಬಂದಿ ಬೇಕೆಂಬ ಬೇಡಿಕೆಯೂ ಹಳೆಯದು. ಆದರೆ ಬೀಜ, ಬಳ್ಳಿಗಳಿಗೆ ಗಡಿ ತೊಡಕಾಗಿಲ್ಲ. ದಕ್ಷಿಣ ಕನ್ನಡ, ಉಡುಪಿಯ ಗದ್ದೆಗಳಲ್ಲಿ ದಶಕಗಳಿಂದ ಬೆಳೆಯುವ ಎಂ.ಒ. 4 ಭತ್ತ ಕುಟ್ಟನಾಡಿನ ಮಂಕೊಂಬು ಸಂಶೋಧನಾ ಕೇಂದ್ರದ್ದು, ಜ್ಯೋತಿ ಪಟ್ಟಾಂಬಿಯದು. ಕೊಡಗು, ಮಲೆನಾಡಿನ ತೋಟಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಪಣಿಯೂರು ಮೆಣಸು ಕಣ್ಣೂರು ಜಿಲ್ಲೆಯ ಪಣಿಯೂರು ಕೇಂದ್ರದಿಂದ ಬಂದ, ಜಗತ್ತಿನ ಮೊದಲ ಮಿಶ್ರತಳಿ ಕಾಳುಮೆಣಸು. ನಮ್ಮ ಕರಾವಳಿಯ ಕುಚ್ಚಲಕ್ಕಿ ಗಂಜಿಯಲ್ಲಿ ಕೇರಳ ಸರ್ಕಾರದ ಖರ್ಚೂ ಒಂದಿಷ್ಟಿದೆ.

ಅದೇ ಎಣ್ಮಕಜೆಯ ಪಡ್ರೆ, ಸ್ವರ್ಗ ಊರುಗಳಲ್ಲಿ ಸರ್ಕಾರ ಹತ್ತಿರ ಬಂದದ್ದಕ್ಕೆ ಬೇರೆಯೇ ಅರ್ಥ. ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿತು. ಗುಡ್ಡದ ಮೇಲಿನ ತೋಟ, ಕೆಳಗೆ ಗುಡ್ಡ ಕೊರೆದ ಸುರಂಗದ ನೀರು ಕುಡಿಯುವ ಮನೆಗಳು. ಆ ಅನಾಹುತವನ್ನು ಮೊದಲಿಗೇ ಗುರುತಿಸಿ ಬರೆದವರಲ್ಲಿ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಒಬ್ಬರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ನಿಷೇಧ ಹೇರುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳು ಹಾಸಿಗೆ ಹಿಡಿದಾಗಿತ್ತು. ಇಲ್ಲಿನ ಜನ ಇಲಾಖೆಯ ಔಷಧಿ ಚೀಟಿಯನ್ನು ಎರಡು ಸಲ ಓದುತ್ತಾರೆ ಎಂದರೆ ಅದಕ್ಕೆ ಕಾರಣ ಇದೆ.

ಇನ್ನು ಕೂಲಿಯ ಮಾತು. ಗ್ರಾಮೀಣ ಕೃಷಿ ಕೂಲಿ ದೇಶದಲ್ಲೇ ಅತಿ ಹೆಚ್ಚು ಇರುವುದು ಕೇರಳದಲ್ಲಿ. ಆಳುಗಳಿಗೆ ಅದು ಒಳ್ಳೆಯದೇ ಆಯಿತು; ಹತ್ತು ತೆಂಗಿನಮರದವನಿಗೆ ಕಾಯಿ ಕೀಳಿಸುವ ಖರ್ಚು ಕಾಯಿಯ ಬೆಲೆಯನ್ನು ಮುಟ್ಟುವಂತಾಯಿತು. ಮರ ಹತ್ತುವವರೂ ಕಡಿಮೆಯಾದರು. ಕೊಚ್ಚಿಯಲ್ಲಿರುವ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರದ ಗೆಳೆಯರು’ ಎಂದು ಹುಡುಗ ಹುಡುಗಿಯರಿಗೆ ಯಂತ್ರ ಹಿಡಿದು ಮರ ಹತ್ತುವ ತರಬೇತಿ ಕೊಟ್ಟಿತು. ಕಣ್ಣೂರಿನ ಚೆಂಬೇರಿಯಲ್ಲಿ ಹುಟ್ಟಿ ಆ ಊರಿನ ಹೆಸರನ್ನೇ ಹೊತ್ತ, ಕಾಲು ಕೊಟ್ಟು ಒಂದೊಂದೇ ಹೆಜ್ಜೆ ಏರುವ ಆ ಯಂತ್ರ ಈಗ ನಮ್ಮ ತುಮಕೂರು, ಅರಸೀಕೆರೆಯ ತೋಟಗಳಲ್ಲೂ ಕಾಣುತ್ತದೆ. ಕೃಷಿ ಭವನಗಳ ಅಡಿಯಲ್ಲಿ ‘ಕಾರ್ಷಿಕ ಕರ್ಮ ಸೇನೆ’ ಎಂಬ ತಂಡಗಳಿವೆ. ಸಮವಸ್ತ್ರ ತೊಟ್ಟ, ಟಿಲ್ಲರ್, ನಾಟಿ ಯಂತ್ರ, ಕಳೆ ಕೊಚ್ಚುವ ಯಂತ್ರ ನಡೆಸಬಲ್ಲ ಗಂಡಸರು, ಹೆಂಗಸರು. ಮೊದಲೇ ಹೇಳಿಟ್ಟರೆ ಬಂದು ಕೆಲಸ ಮಾಡಿ, ಗೊತ್ತು ಮಾಡಿದ ದರ ತೆಗೆದುಕೊಂಡು ಹೋಗುತ್ತಾರೆ. ಎಲ್ಲ ಪಂಚಾಯಿತಿಯಲ್ಲೂ ಇದು ಒಂದೇ ಹದದಲ್ಲಿ ನಡೆಯುತ್ತಿಲ್ಲ. ನಡೆಯುವ ಕಡೆ, ಸಣ್ಣ ಹಿಡುವಳಿಗೆ ಸರ್ಕಾರ ಕೊಡಬಹುದಾದ ಅತ್ಯುತ್ತಮ ಸೇವೆ ಇದೇ. ಹತ್ತು ಮರದವನಿಗೆ ಸ್ವಂತ ಯಂತ್ರ ಯಾಕೆ?

ಭತ್ತದ ಕತೆ ಬೇರೆ. 1970ರ ದಶಕದ ಮಧ್ಯದಲ್ಲಿ ಕೇರಳದ ಭತ್ತದ ಗದ್ದೆ ಸುಮಾರು 8.8 ಲಕ್ಷ ಹೆಕ್ಟೇರ್ ಇತ್ತು. ಈಗ ಉಳಿದಿರುವುದು ಎರಡು ಲಕ್ಷದ ಆಸುಪಾಸು. ತಿನ್ನುವ ಅಕ್ಕಿಯಲ್ಲಿ ಐದನೇ ಒಂದು ಪಾಲೂ ಅಲ್ಲಿ ಬೆಳೆಯುವುದಿಲ್ಲ. ಮಿಕ್ಕ ಗದ್ದೆಗೆ ಮಣ್ಣು ತುಂಬಿ ತೆಂಗು ನೆಟ್ಟರು, ರಬ್ಬರ್ ನೆಟ್ಟರು, ಬಹಳ ಕಡೆ ಮನೆಯನ್ನೇ ನೆಟ್ಟರು. ಇದನ್ನು ತಡೆಯಲು 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಬಂತು. ಪಂಚಾಯಿತಿ ಮಟ್ಟದ ಉಸ್ತುವಾರಿ ಸಮಿತಿಗೆ ಸಂಚಾಲಕರು ಯಾರು? ಅದೇ ಕೃಷಿ ಅಧಿಕಾರಿ. ಬೇರೆಲ್ಲೂ ಜಾಗ ಇಲ್ಲದ ಮಾಲೀಕ ಸ್ವಂತ ವಾಸಕ್ಕೆ ಗದ್ದೆಯಲ್ಲಿ ಮನೆ ಕಟ್ಟಬೇಕಾದರೆ ಪಂಚಾಯಿತಿಯಲ್ಲಿ ಹತ್ತು ಸೆಂಟ್ಸ್, ನಗರಗಳಲ್ಲಿ ಐದು ಸೆಂಟ್ಸ್ ಮಿತಿ. ಅದಕ್ಕೂ ಈ ಸಮಿತಿಯ ಶಿಫಾರಸು ಬೇಕು. ಯಾವುದು ಗದ್ದೆ, ಯಾವುದು ಅಲ್ಲ ಎಂಬ ದತ್ತಾಂಶ ಪಟ್ಟಿಯಲ್ಲಿ ತಮ್ಮ ಜಾಗ ತಪ್ಪಾಗಿ ಸೇರಿದೆ ಎಂಬ ತಕರಾರುಗಳ ರಾಶಿಯೇ ಬಿತ್ತು. ಬೆಳಿಗ್ಗೆ ಸಸಿ ಕೊಟ್ಟು ಹರಸಿದ ಅಧಿಕಾರಿಯೇ ಮಧ್ಯಾಹ್ನ ಮಗಳ ಮನೆಗೆ ಅಡಿಪಾಯ ತೆಗೆಯಬೇಡಿ ಎನ್ನಬೇಕು. ಜನಸಾಂದ್ರತೆ 860 ಇರುವ ನೆಲದಲ್ಲಿ ಕೃಷಿ ನೆರವು ಎಂದರೆ ಕೊನೆಗೆ ಮನೆಯ ಪಾಯದ ಜಗಳವೂ ಹೌದು.

ಗದ್ದೆ ಉಳಿಸಿಕೊಂಡ ಮಾಲೀಕನಿಗೆ 2020–21ರಿಂದ ‘ರಾಯಲ್ಟಿ’ ಕೊಡುತ್ತಾರೆ: ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ, ಮುಂದೆ ಅದು 3,000 ಆಯಿತು. ನೀರು ಇಂಗಿಸುವ, ನೆರೆ ತಡೆಯುವ ಗದ್ದೆಯ ಸೇವೆಗೆ ಸಮಾಜ ಬೆಲೆ ಕೊಡಬೇಕು ಎಂಬ ಆಲೋಚನೆ ದೇಶಕ್ಕೇ ಹೊಸದು, ಸರಿಯಾದದ್ದು. ಮೊತ್ತ ಮಾತ್ರ ನಗು ತರಿಸುತ್ತದೆ. ಹದಿನೆಂಟು ಗುಂಟೆ ಗದ್ದೆಗೆ ವರ್ಷಕ್ಕೆ 540 ರೂಪಾಯಿ. ಅದೇ ಜಾಗವನ್ನು ಮನೆ ನಿವೇಶನವಾಗಿ ಮಾರಿದರೆ ಲಕ್ಷಗಟ್ಟಲೆ.

ಕುಟ್ಟನಾಡಿಗೆ ಬಂದರೆ ನೆರವಿನ ಮಾತು ಬಿಸಿಯಾಗುತ್ತದೆ. ಸಮುದ್ರ ಮಟ್ಟಕ್ಕಿಂತ ಎರಡು ಮೀಟರ್‌ವರೆಗೆ ಕೆಳಗಿರುವ, ಸುತ್ತ ಒಡ್ಡು ಕಟ್ಟಿ ನೀರು ಎತ್ತಿ ಹೊರಹಾಕಿ ಬಿತ್ತುವ ಗದ್ದೆಗಳು. ಒಬ್ಬನೇ ರೈತ ಇಲ್ಲಿ ಏನೂ ಮಾಡಲಾರ. ಒಂದು ಒಡ್ಡಿನೊಳಗಿನ ಎಲ್ಲರೂ ಸೇರಿ ‘ಪಾಡಶೇಖರ ಸಮಿತಿ’ ಮಾಡಿಕೊಂಡು, ಒಂದೇ ದಿನ ಪಂಪು ಶುರು ಮಾಡಿ, ಒಂದೇ ವಾರದಲ್ಲಿ ಬಿತ್ತಬೇಕು. ಪೆಟ್ಟಿ–ಪರ ಎಂಬ ದೊಡ್ಡ ಮರದ ಪಂಪುಗಳು ಇನ್ನೂ ಕೆಲಸ ಮಾಡುತ್ತಿವೆ, ನೀರೆತ್ತುವ ಖರ್ಚಿಗೆ ಸಹಾಯಧನವಿದೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಬೇಸಾಯ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ಅದಕ್ಕೂ ಮೊದಲೇ, ಮಂಕೊಂಬಿನ ಮೂಲದವರೇ ಆದ ಎಂ.ಎಸ್. ಸ್ವಾಮಿನಾಥನ್ ಅವರ ಪ್ರತಿಷ್ಠಾನದ ವರದಿಯ ಮೇಲೆ 2008ರಲ್ಲಿ 1,840 ಕೋಟಿ ರೂಪಾಯಿಯ ಕುಟ್ಟನಾಡು ಪ್ಯಾಕೇಜ್ ಮಂಜೂರಾಗಿತ್ತು. ಆ ಕೋಟಿಗಳ ಬಗ್ಗೆ ಕೇಳಿದರೆ ಕುಟ್ಟನಾಡಿನವರು ಮಾತು ಬದಲಿಸುತ್ತಾರೆ, ಇಲ್ಲವೇ ಬೈಯುತ್ತಾರೆ.

ಕೊಯ್ಲಿನ ಹೊತ್ತು ನೋಡಿ. ಮಾರ್ಚ್–ಏಪ್ರಿಲ್. ತಮಿಳುನಾಡಿನಿಂದ ಬಾಡಿಗೆಗೆ ಬಂದ ಕಟಾವು ಯಂತ್ರ ಗದ್ದೆಯಲ್ಲಿ ಓಡುತ್ತದೆ, ಭತ್ತ ಒಡ್ಡಿನ ಮೇಲೆ ರಾಶಿ ಬೀಳುತ್ತದೆ. ಮೇಲೆ ನೀಲಿ ಟಾರ್ಪಾಲು. ರಸ್ತೆ ಇಲ್ಲ, ದೋಣಿಯಲ್ಲಿ ಹೇರಿ ಲಾರಿ ನಿಲ್ಲುವ ಜಾಗಕ್ಕೆ ಸಾಗಿಸಬೇಕು. ಖರೀದಿಸುವುದು ರಾಜ್ಯದ ನಾಗರಿಕ ಪೂರೈಕೆ ನಿಗಮ ಸಪ್ಲೈಕೊ. ಅದಕ್ಕೆ ಸ್ವಂತ ಗಿರಣಿಗಳಿಲ್ಲದ್ದರಿಂದ ಸ್ಥಳಕ್ಕೆ ಬರುವುದು ಖಾಸಗಿ ಗಿರಣಿಯ ಏಜೆಂಟರು. ಏಜೆಂಟ್ ರಾಶಿಯೊಳಗೆ ಕೈ ಇಳಿಸಿ ಒಂದು ಹಿಡಿ ತೆಗೆದು ತೇವಾಂಶದ ಯಂತ್ರಕ್ಕೆ ಹಾಕುತ್ತಾನೆ. ಮಿತಿ ಶೇ 17. ಯಂತ್ರ ಅದಕ್ಕಿಂತ ಮೇಲೆ ತೋರಿಸಿದರೆ ಚೌಕಾಸಿ ಶುರು: ಕ್ವಿಂಟಾಲಿಗೆ ಇಂತಿಷ್ಟು ಕಿಲೋ ‘ಕಿಳಿವ್’, ಅಂದರೆ ತೂಕದಲ್ಲಿ ಕಡಿತ. ಐದು ಕಿಲೋ ಎನ್ನುತ್ತಾನೆ, ಮೂರಕ್ಕೆ ಒಪ್ಪಿ ಎಂದು ಸಮಿತಿಯ ಕಾರ್ಯದರ್ಶಿ ಕೇಳಿಕೊಳ್ಳುತ್ತಾರೆ. ಪಶ್ಚಿಮದಲ್ಲಿ ಮೋಡ ಕಪ್ಪಾಗಿದ್ದರೆ ಏಜೆಂಟನಿಗೆ ಅವಸರವೇ ಇಲ್ಲ. ನಾಳೆ ಬರುತ್ತೇನೆ ಎಂದು ಬೈಕ್ ಹತ್ತುತ್ತಾನೆ. ಒಂದು ಬೇಸಿಗೆ ಮಳೆ ಬಿದ್ದು ಭತ್ತ ಮೊಳೆತರೆ ಐದು ಕಿಲೋ ಹತ್ತಾಗುತ್ತದೆ. ಏಜೆಂಟನನ್ನೇ ಬೈದು ಪ್ರಯೋಜನವಿಲ್ಲ. ಗಿರಣಿಯವರು ಕ್ವಿಂಟಾಲ್ ಭತ್ತಕ್ಕೆ 68 ಕಿಲೋ ಅಕ್ಕಿ ವಾಪಸು ಕೊಡಬೇಕು ಎಂಬುದು ಕೇಂದ್ರದ ನಿಯಮ. ಕೇರಳದ ಭತ್ತದಲ್ಲಿ 64.5 ಕಿಲೋಗಿಂತ ಹೆಚ್ಚು ಬರುವುದಿಲ್ಲ ಎಂಬುದು ಗಿರಣಿಯವರ ವಾದ. ದಿಲ್ಲಿಗೂ ತಿರುವನಂತಪುರಕ್ಕೂ ಬಗೆಹರಿಯದ ಆ ಮೂರೂವರೆ ಕಿಲೋ ಕೊನೆಗೆ ಒಡ್ಡಿನ ಮೇಲಿನ ರಾಶಿಯಿಂದಲೇ ಹೊರಡುತ್ತದೆ.

ಬೆಲೆ ನೋಡಿದರೆ ಕೇರಳದ ಭತ್ತಕ್ಕೆ ಒಳ್ಳೆಯ ದರವೇ ಇದೆ. ಕೇಂದ್ರದ ಬೆಂಬಲ ಬೆಲೆಯ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಬೆಂಬಲ ಬೆಲೆ ಕಿಲೋಗೆ 20.40 ರೂಪಾಯಿ ಇದ್ದಾಗ ರಾಜ್ಯ 7.80 ಕೊಟ್ಟಿತು, ಒಟ್ಟು 28.20. ಕೇಂದ್ರ 21.83ಕ್ಕೆ ಏರಿಸಿತು, ರಾಜ್ಯ 6.37ಕ್ಕೆ ಇಳಿಸಿತು. ಕೇಂದ್ರ 23 ಮಾಡಿತು, ರಾಜ್ಯ 5.20 ಮಾಡಿತು. ಹೇಗೆ ಕೂಡಿದರೂ 28.20. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಹೀಗೆ ಪೈಸೆ ಬಿಡದೆ ತೆಗೆದುಕೊಂಡದ್ದನ್ನು ಕುಟ್ಟನಾಡಿನ ರೈತರು ಮರೆಯುವವರಲ್ಲ. 2025ರ ನವೆಂಬರಿನಲ್ಲಷ್ಟೇ ಅದು 30 ರೂಪಾಯಿ ಆಯಿತು.

ಅದಕ್ಕಿಂತ ಕೆಟ್ಟದ್ದು ಹಣ ಬರುವ ದಾರಿ. ಭತ್ತ ಕೊಟ್ಟ ರೈತನಿಗೆ ಒಂದು ರಸೀದಿ ಸಿಗುತ್ತದೆ, ಪಿಆರ್‌ಎಸ್. ಅದನ್ನು ಬ್ಯಾಂಕಿಗೆ ಕೊಟ್ಟರೆ ಬ್ಯಾಂಕ್ ಹಣ ಕೊಡುತ್ತದೆ, ಸಾಲದ ರೂಪದಲ್ಲಿ. ಸಾಲ ಯಾರ ಹೆಸರಿನಲ್ಲಿ? ರೈತನ ಹೆಸರಿನಲ್ಲಿ. ತೀರಿಸಬೇಕಾದದ್ದು ಸರ್ಕಾರ. ಸರ್ಕಾರ ತಡಮಾಡಿದರೆ ಬ್ಯಾಂಕಿನ ಪುಸ್ತಕದಲ್ಲಿ ಬಾಕಿದಾರ ರೈತ. ತನ್ನ ಭತ್ತ ಮಾರಿದ ದುಡ್ಡಿಗೆ ತಾನೇ ಸಾಲಗಾರನಾಗುವ ಈ ಏರ್ಪಾಟನ್ನು ಯಾವ ಬುದ್ಧಿವಂತ ಬರೆದನೋ! ಹಣಕಾಸು ಇಲಾಖೆಯ ಕೋಣೆಯಲ್ಲಿ ಅದು ಚಂದ ಕಂಡಿರಬೇಕು. 2023ರ ಆಗಸ್ಟ್‌ನಲ್ಲಿ ಕಳಮಶ್ಶೇರಿಯ ಕೃಷಿ ಉತ್ಸವದ ವೇದಿಕೆಯಲ್ಲಿ ನಟ ಜಯಸೂರ್ಯ ಮಂತ್ರಿಗಳ ಎದುರೇ, ಭತ್ತದ ಹಣ ಸಿಗದೆ ರೈತರು ಓಣಂನ ಮುಖ್ಯ ದಿನವಾದ ತಿರುವೋಣದಂದು ಉಪವಾಸ ಕೂರಬೇಕಾಯಿತಲ್ಲ ಎಂದು ಹೇಳಿಬಿಟ್ಟರು. ಸರ್ಕಾರ ಲೆಕ್ಕ ಮುಂದಿಟ್ಟು ಅಲ್ಲಗಳೆಯಿತು; ವಾರಗಟ್ಟಲೆ ವಾದ ನಡೆಯಿತು. ಆ ವಾದದಲ್ಲಿ ಯಾರು ಸರಿ ಎನ್ನುವುದಕ್ಕಿಂತ, ಬಿತ್ತನೆ ಬೀಜಕ್ಕೆ ಕೈಗಡ ತರಬೇಕಾದ ಹೊತ್ತಿನಲ್ಲಿ ಹಿಂದಿನ ಬೆಳೆಯ ದುಡ್ಡು ಕೈಗೆ ಬಂದಿರಲಿಲ್ಲ ಎನ್ನುವುದು ಮುಖ್ಯ.

ತರಕಾರಿಯಲ್ಲಿ ಸರ್ಕಾರ ಧೈರ್ಯದ ಹೆಜ್ಜೆ ಇಟ್ಟಿತು. 2020ರ ನವೆಂಬರ್ 1ರಿಂದ ಹದಿನಾರು ಬೆಳೆಗಳಿಗೆ ಮೂಲ ಬೆಲೆ: ಉತ್ಪಾದನಾ ವೆಚ್ಚದ ಮೇಲೆ ಶೇ 20 ಸೇರಿಸಿ. ಮರಗೆಣಸಿಗೆ ಕಿಲೋಗೆ 12 ರೂಪಾಯಿ, ನೇಂದ್ರ ಬಾಳೆಗೆ 30, ಟೊಮೆಟೊಗೆ 8. ಕೋಲಾರದ ರೈತರು ರಸ್ತೆಗೆ ಟೊಮೆಟೊ ಸುರಿದ ದಿನಗಳನ್ನು ನೆನೆದರೆ 8 ರೂಪಾಯಿಯೂ ದೊಡ್ಡದೇ. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದು. ಆದರೆ ಬೆಲೆ ಘೋಷಿಸುವುದು ಸುಲಭ, ಹಾಳಾಗುವ ಸರಕನ್ನು ಕೊಂಡು ವಾರದೊಳಗೆ ದುಡ್ಡು ಕೊಡುವುದು ಕಷ್ಟ. ಇಡುಕ್ಕಿಯ ವಟ್ಟವಡ, ಕಾಂತಲ್ಲೂರಿನ ಎತ್ತರದ ಹೊಲಗಳಲ್ಲಿ ಕೋಸು, ಕ್ಯಾರೆಟ್, ಬೆಳ್ಳುಳ್ಳಿ ಬೆಳೆಯುವವರು ಸರ್ಕಾರಿ ಖರೀದಿಯ ಬಾಕಿಗಾಗಿ ಕಾದು ಬೇಸತ್ತು ಸರಕನ್ನು ತಮಿಳುನಾಡಿನ ವ್ಯಾಪಾರಿಗಳಿಗೇ ಕೊಟ್ಟ ಸುದ್ದಿ ಮತ್ತೆ ಮತ್ತೆ ಬರುತ್ತದೆ. ವ್ಯಾಪಾರಿ ಕಡಿಮೆ ಕೊಡುತ್ತಾನೆ, ಇವತ್ತೇ ಕೊಡುತ್ತಾನೆ.

ಇದಕ್ಕಿಂತ ಸದ್ದಿಲ್ಲದೆ ನಡೆದದ್ದು ಸ್ವಾಶ್ರಯ ಕೃಷಿಕ ಸಮಿತಿಗಳ ಮಾರುಕಟ್ಟೆ. 1990ರ ದಶಕದಲ್ಲಿ ಯುರೋಪ್ ಒಕ್ಕೂಟದ ನೆರವಿನಿಂದ ಶುರುವಾಗಿ, 2001ರಲ್ಲಿ ತರಕಾರಿ ಮತ್ತು ಹಣ್ಣು ಉತ್ತೇಜನ ಮಂಡಳಿಯಾಗಿ ನಿಂತ ವ್ಯವಸ್ಥೆ. ಸುತ್ತಲಿನ ರೈತರು ತಲೆಹೊರೆಯಲ್ಲೋ ಸ್ಕೂಟರಿನಲ್ಲೋ ತಂದ ಗೊನೆ, ಹಾಗಲ, ಅಲಸಂದೆಯನ್ನು ಒಂದೇ ಕಡೆ ರಾಶಿ ಹಾಕಿ, ವ್ಯಾಪಾರಿಯನ್ನೇ ಅಲ್ಲಿಗೆ ಬರಿಸಿ ಒಟ್ಟಿಗೆ ದರ ಕಟ್ಟುತ್ತಾರೆ. ಐದು ಗೊನೆ ತಂದವನಿಗೂ ಐವತ್ತು ಗೊನೆಯವನ ದರ. ಅಷ್ಟೆಲ್ಲ ಇದ್ದೂ ಕೇರಳದ ಅಡುಗೆಮನೆಗೆ ತರಕಾರಿ ಬರುವುದು ಇಂದಿಗೂ ಗುಂಡ್ಲುಪೇಟೆ, ಮೈಸೂರು, ತಮಿಳುನಾಡಿನ ಒಟ್ಟನ್‌ಛತ್ರಂ ಕಡೆಯಿಂದಲೇ. ಓಣಂ ಹೂವಿನ ರಂಗೋಲಿಗೆ ಗುಂಡ್ಲುಪೇಟೆಯ ಚೆಂಡುಹೂವು ಬೇಕು. ನಮ್ಮ ರೈತರು ಔಷಧಿ ಜಾಸ್ತಿ ಹೊಡೆಯುತ್ತಾರೆ ಎಂದು ದೂರುತ್ತ ದೂರುತ್ತಲೇ ಲಾರಿ ಕಾಯುತ್ತಾರೆ.

ಇಷ್ಟರಲ್ಲೂ ಎದ್ದು ಕಾಣುವ ಒಂದು ಪ್ರಶ್ನೆ ಉಳಿಯಿತು: ಕೃಷಿ ಭವನದ ರಿಜಿಸ್ಟರಿನಲ್ಲಿ ಹೆಸರು ಬರೆಸಲು ಬೇಕಾದದ್ದು ಕಂದಾಯ ಕಟ್ಟಿದ ರಸೀದಿ. ಅದು ಜಮೀನಿನ ಒಡೆಯನ ಹತ್ತಿರ ಇರುತ್ತದೆ. ಉಳುವವನ ಹತ್ತಿರ? ಕೇರಳದಲ್ಲಿ 1970ರ ಜನವರಿ 1ರಂದು ಗೇಣಿ ಪದ್ಧತಿ ಕೊನೆಗೊಂಡಿತು. ಗೇಣಿದಾರರು ಒಡೆಯರಾದರು, ಗುಡಿಸಲಲ್ಲಿದ್ದವರಿಗೆ ಪಂಚಾಯಿತಿಯಲ್ಲಿ ಹತ್ತು ಸೆಂಟ್ಸ್ ಸಿಕ್ಕಿತು. ನಮ್ಮ 1974ರ ಕಾಯ್ದೆಗೂ ಮುಂಚಿನ, ಅದಕ್ಕಿಂತ ಗಟ್ಟಿಯಾದ ಸುಧಾರಣೆ. ಹೊಸದಾಗಿ ಗೇಣಿಗೆ ಕೊಡುವುದನ್ನೇ ಅದು ನಿಷೇಧಿಸಿತು. ಐವತ್ತು ವರ್ಷದ ಮೇಲೆ ಅಂದು ಒಡೆಯರಾದವರ ಮಕ್ಕಳು ದುಬೈನಲ್ಲೋ ತಿರುವನಂತಪುರದ ಸೆಕ್ರೆಟೇರಿಯಟ್‌ನಲ್ಲೋ ಇದ್ದಾರೆ. ಗದ್ದೆ ಮಾಡುತ್ತಿರುವುದು ಬಾಯಿಮಾತಿನ ಗೇಣಿಯವರು. ಕುಟ್ಟನಾಡು, ತ್ರಿಶೂರಿನ ಕೋಲ್ ಗದ್ದೆ, ಪಾಲಕ್ಕಾಡ್ ಎಲ್ಲ ಕಡೆ ಇದೇ. 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ಹೆಂಗಸರು ನಾಲ್ಕೈದು ಮಂದಿಯ ಗುಂಪು ಕಟ್ಟಿ, ಪಾಳು ಬಿದ್ದ ಜಾಗ ಹಿಡಿದು ಬಾಳೆ, ಭತ್ತ, ತರಕಾರಿ ಬೆಳೆಯುವುದೂ ಹೆಚ್ಚಾಗಿ ಇಂಥ ಒಪ್ಪಂದದಲ್ಲಿ. ಸರ್ಕಾರವೇ ಪ್ರೋತ್ಸಾಹಿಸುವ ಗುಂಪು, ಸರ್ಕಾರವೇ ನಿಷೇಧಿಸಿದ ಗೇಣಿ! ಗದ್ದೆಯ ರಾಯಲ್ಟಿ ಹೋಗುವುದು ಕೊಲ್ಲಿಯಲ್ಲಿರುವ ಒಡೆಯನ ಖಾತೆಗೆ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಹೆಂಗಸರು ಒಡೆಯನಿಂದ ಒಪ್ಪಿಗೆ ಪತ್ರ ತರಬೇಕು. ಬರೆದುಕೊಟ್ಟರೆ ನಾಳೆ ಹಕ್ಕು ಕೇಳಿಯಾರು ಎಂಬ 1970ರ ಭಯ ಒಡೆಯನಿಗೆ ಇನ್ನೂ ಇದೆ. ಅವನು ಫೋನಿನಲ್ಲಿ ‘ಚೇಚಿ, ನೀವು ಬೆಳೀರಿ, ಕಾಗದ ಗೀಗದ ಬೇಡ’ ಎನ್ನುತ್ತಾನೆ.

ಗಡಿ ದಾಟಿ ಬೇಸಾಯ ಮಾಡುವವರಿಗೆ ಒಪ್ಪಿಗೆ ಪತ್ರದ ದಾರಿಯೂ ಇಲ್ಲ. ವಯನಾಡಿನಿಂದ ಎಚ್.ಡಿ. ಕೋಟೆ, ಹುಣಸೂರು, ಕೊಡಗು, ಶಿವಮೊಗ್ಗದವರೆಗೆ ಬಂದು ಎಕರೆಗಟ್ಟಲೆ ಶುಂಠಿ ಹಾಕುವ ಮಲಯಾಳಿ ಬೆಳೆಗಾರರನ್ನು ನಾವೆಲ್ಲ ನೋಡಿದ್ದೇವೆ. ಊರಿನಲ್ಲಿ ಹದಿನೆಂಟು ಗುಂಟೆಯ ರೈತರಾಗಿ ಅವರಿಗೆ ತೆಂಗಿನ ಸಸಿ, ಮರಕ್ಕೆ ವಿಮೆ, ಸಬ್ಸಿಡಿ ಸುಣ್ಣ ಎಲ್ಲ ಸಿಗುತ್ತದೆ. ನಿಜವಾಗಿ ಲಕ್ಷಾಂತರ ಸುರಿದು ಬೇಸಾಯ ಮಾಡುವ ಜಾಗದಲ್ಲಿ ಕೊಳೆರೋಗ ಬಂದರೆ ಕೇರಳದ ಲೆಕ್ಕದಲ್ಲಿ ಅದು ಅವರ ಜಮೀನಲ್ಲ, ಕರ್ನಾಟಕದ ಲೆಕ್ಕದಲ್ಲಿ ಪಹಣಿಯಲ್ಲಿ ಅವರ ಹೆಸರಿಲ್ಲ. ಎಲೆ ಹಳದಿಯಾದ ದಿನ ಅವರು ಹೋಗುವುದು ಊರ ಪೇಟೆಯ ಗೊಬ್ಬರ–ಔಷಧಿ ಅಂಗಡಿಗೆ. ಅಂಗಡಿಯವರು ಕಂದಾಯ ರಸೀದಿ ಕೇಳುವುದಿಲ್ಲ, ಉದ್ರಿಯೂ ಕೊಡುತ್ತಾರೆ, ಯಾವ ಔಷಧಿ ಎಷ್ಟು ಹೊಡೆಯಬೇಕು ಎಂಬುದನ್ನೂ ಅವರೇ ಹೇಳಿ ಕಳಿಸುತ್ತಾರೆ.